ಎಡಗೈ ಗಂಟು

ಗಜೇಂದ್ರಗಡದ ಅಂದಾನೆಪ್ಪ ಸಾವ್ಕಾರನಿಗೆ ಹುತುತು, ಅಂದರೆ ಕಬಡ್ಡಿ ಆಟದ ಮೇಲೆ ಜೀವವಿತ್ತು, ಆಡುವವರ ಮೇಲೆ ಮಾತ್ರ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ತಾನು ಒಂದು ದಿನವೂ ದಮ್ಮು ಹಿಡಿದು ಗೆರೆ ದಾಟಿದವನಲ್ಲ. ಹದಿನೆಂಟಕ್ಕೇ ಹೊಟ್ಟೆ ಬಂದಿತ್ತು. ಆದರೆ ರೋಣದಲ್ಲಾಗಲಿ ನರಗುಂದದಲ್ಲಾಗಲಿ ಸುಣ್ಣದ ಗೆರೆ ಎಳೆದರೆಂದರೆ ಸಾಕು, ಗೆರೆ ಒಣಗುವ ಮೊದಲೇ ಕೊಡೆ ಊರಿಕೊಂಡು ಹಾಜರಿರುತ್ತಿದ್ದ. ಜೊತೆಗೆ ನೂಲಿಗೆ ಬಣ್ಣ ಹಾಕುವ ಗೌಸುಸಾಬ. ಇಬ್ಬರೂ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು. ಅಂದಾನೆಪ್ಪ ಸಂಶಯಪಡುವುದು, ಗೌಸುಸಾಬ ಹೂಂಗುಟ್ಟುವುದು, ಹೀಗೆ ಮೂವತ್ತು ವರ್ಷ ನಡೆದುಕೊಂಡು ಬಂದಿತ್ತು.

ಅಂದಾನೆಪ್ಪನ ನೂಲಿನ ಅಂಗಡಿ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿತ್ತು. ಮುಂದೆ ಕಟ್ಟೆ, ನಡುವೆ ಅಂಗಡಿ, ಹಿಂದೆ ಪಟ್ಟೇದಂಚಿನ ಸೀರೆ ನೇಯುವ ಹನ್ನೆರಡು ಮಗ್ಗ, ಮಗ್ಗಗಳ ಪಕ್ಕದ ಪಡಸಾಲೆಯಲ್ಲಿ ರಾಟಿ ತಿರುಗಿಸಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಐದಾರು ಹೆಂಗಸರು. ಸಂಜೆಯಾದರೆ ಕಟ್ಟೆ ತುಂಬುತ್ತಿತ್ತು. ಯಾವ ತಂಡ ಹೇಗೆ, ಯಾರು ಗೆಲ್ಲುತ್ತಾರೆ, ಗೆದ್ದವರು ಹೇಗೆ ಮೋಸ ಮಾಡಿದರು ಎಂಬುದನ್ನು ಅಂದಾನೆಪ್ಪ ಅಲ್ಲಿ ಕೂತು ಹೇಳುತ್ತಿದ್ದ. ಅವನ ದನಿ ದೊಡ್ಡದು; ಅರ್ಧ ಪೇಟೆಗೆ ಕೇಳುತ್ತಿತ್ತು.

"ಹೊಳೆಮಣ್ಣೂರವರ ದಮ್ಮ ನಂಬಬ್ಯಾಡ್ರಿ. ಹೊಳ್ಯಾಗ ಮುಳುಗಿ ಮುಳುಗಿ ಉಸರ ಹಿಡಿಯೂದು ಕಲ್ತಾರ ಖರೇ, ಆದ್ರ ಹೊಳಿ ಬಂದಾಗ ಓಡೂದನ್ನೂ ಕಲ್ತಾರ. ಎದುರಿನಾಂವ ಮೈಮ್ಯಾಲ ಬಂದ್ರ ಗೆರಿ ಬಿಟ್ಟ ಓಡತಾರ."

ಯಾವಗಲ್ ತಂಡದವರು ಎತ್ತುಗಳು, ತಳ್ಳು ಅಂದರೆ ತಳ್ಳುತ್ತಾರೆ, ನಿಲ್ಲು ಅಂದರೆ ನಿಲ್ಲುವುದಿಲ್ಲ. ನರಗುಂದದವರು ಆಟಕ್ಕಿಂತ ತೀರ್ಪು ಕೊಡುವ ಪಂಚರ ಜೊತೆ ವಾದಕ್ಕೇ ಹೆಚ್ಚು ದಮ್ಮು ಉಳಿಸಿಕೊಂಡಿರುತ್ತಾರೆ. ಹುಬ್ಬಳ್ಳಿಯ ಗಿರಣಿ ತಂಡದ ಮಾತು ಬಂದರೆ ಅಂದಾನೆಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿಯೇ ಶುರು ಮಾಡುತ್ತಿದ್ದ. ಗಿರಣಿಯವರು ಆಟಗಾರರನ್ನು ಪಗಾರ ಕೊಟ್ಟು ಇಟ್ಟುಕೊಂಡಿದ್ದರು. ಹೆಸರಿಗೆ ನೂಲು ತೆಗೆಯುವ ಕೆಲಸ, ಮಾಡುವುದು ಹುತುತು. "ಪಗಾರಕ್ಕ ಆಡಾಂವ ಹೆಚ್ಚಿನ ಪಗಾರ ಕೊಟ್ಟಾಂವಗ ಸೋಲತಾನ" ಎಂಬುದು ಅವನ ತೀರ್ಪು. ಕಾಲೇಜು ತಂಡಗಳ ಮೇಲೆ ಗುಮಾನಿ ಇನ್ನೂ ಜಾಸ್ತಿ. ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿಳಿದು, ಅಂಗಿ ಬಿಚ್ಚಿಟ್ಟು, ಮಣ್ಣಿನಲ್ಲಿ ಹೊರಳಲು ಯಾರಾದರೂ ಸುಮ್ಮಸುಮ್ಮನೆ ತಯಾರಾಗುತ್ತಾರೆಯೇ? ಒಳಗೇನೋ ಇದೆ.

ಗಜೇಂದ್ರಗಡದ ತರುಣ ಸಂಘ ಮಾತ್ರ ಬಂಗಾರ. ಅದೂ ಗೆದ್ದ ದಿನ. ಸೋತ ದಿನ ಅವರಲ್ಲೂ ಒಬ್ಬ ಮಾರಿಕೊಂಡವನು ಸಿಗುತ್ತಿದ್ದ.

ಆಟದ ಮಾತು ಮುಗಿದರೆ ಮಾತು ಸಾಲಿ ಕಲಿಯುವುದಕ್ಕೆ ಹೊರಳುತ್ತಿತ್ತು. "ನೇಕಾರನ ಮಗನ ಕೈಯಾಗ ಪಾಟಿ ಕೊಟ್ರ ಕೈ ಕೆಟ್ಟ ಹೋಗತೈತಿ. ಎಂಟು ವರ್ಷಕ್ಕ ಮಗ್ಗಕ್ಕ ಇಳಿಬೇಕು, ಹನ್ನೆರಡಕ್ಕ ಸೀರಿ ಕೊಯ್ಯಬೇಕು. ಇಲ್ಲಾಂದ್ರ ನಮ್ಮ ತಿಪ್ಪವ್ವನ ಮಗನ ಹಾಂಗ ಹುಬ್ಬಳ್ಳಿ ಹೋಟೆಲ್‌ನಾಗ ಕಪ್ಪ ತೊಳೀಬೇಕು." ಈ ಮಾತು ಅವನು ವರ್ಷಕ್ಕೆ ನೂರು ಸಲ ಹೇಳಿರಬಹುದು. ಒಳಗೆ ರಾಟಿಗಳು ಗರಗರ ತಿರುಗುತ್ತಿದ್ದವು.

ತಿಪ್ಪವ್ವ ಅವನಲ್ಲಿ ಇಪ್ಪತ್ತು ವರ್ಷದಿಂದ ಕಂಡಿಕೆ ಸುತ್ತುತ್ತಿದ್ದವಳು. ಗಂಡ ನಿಂಗಪ್ಪ ಅದೇ ಮಗ್ಗದಲ್ಲಿ ನೇಯುತ್ತಿದ್ದವನು, ಪ್ಲೇಗಿನಲ್ಲಿ ಹೋದ. ಆಕೆ ಎಡಚಿ. ನೂಲು ಹರಿದರೆ ಎಲ್ಲರೂ ಬಲಗೈಯಲ್ಲಿ ಸುತ್ತಿ ಗಂಟು ಹಾಕಿ ಬಾಲವನ್ನು ಉಗುರಿನಿಂದ ಹರಿಯುತ್ತಾರೆ. ಆಕೆ ಎರಡೂ ತುದಿಗಳನ್ನು ನಾಲಿಗೆಗೆ ಹಚ್ಚಿ, ಎಡಗೈ ಹೆಬ್ಬೆರಳಿನ ಮೇಲೆ ಉಲ್ಟಾ ಸುತ್ತಿ, ಬಾಲವನ್ನು ಮುಂಬಲ್ಲಿನಿಂದ ಕಚ್ಚಿ ಬಿಡುತ್ತಿದ್ದಳು. ಅಂದಾನೆಪ್ಪ ಸೀರೆಯ ಮೇಲೆ ಬೆರಳಾಡಿಸಿ ಯಾವ ಗಂಟು ಯಾರದೆಂದು ಹೇಳಬಲ್ಲವ. ಮೊದಲ ಐದು ವರ್ಷ ಈ ಎಡಗೈ ಗಂಟಿಗಾಗಿ ಬೈದ. ಆಮೇಲೆ ಉಳಿದವರ ಗಂಟು ಸಡಿಲಿದರೂ ಆಕೆಯದು ಸಡಿಲುವುದಿಲ್ಲವೆಂದು ತಿಳಿದು ಬೈಯುವುದನ್ನು ಬಿಟ್ಟ. ಹೊಗಳಿದ್ದೇನೂ ಇಲ್ಲ. ಇಡೀ ತಾಲೂಕಿನಲ್ಲಿ ಅವನು ಸಂಶಯಪಡದ ಮನುಷ್ಯರೆಂದರೆ ಈ ಪಡಸಾಲೆಯ ಹೆಂಗಸರು. ಅವರು ಸಂಶಯಪಡುವಷ್ಟು ದೊಡ್ಡವರೆಂದು ಅವನಿಗೆ ಅನಿಸಿರಲಿಲ್ಲ, ಅಷ್ಟೇ.

ಮೊದಲು ಅಂದಾನೆಪ್ಪನ ಸಂಶಯಕ್ಕೆ ಜನ ನಗುತ್ತಿದ್ದರು. ಮೊಸರಿನಲ್ಲಿ ಕಲ್ಲು ಹುಡುಕುತ್ತಾನೆ ಎನ್ನುತ್ತಿದ್ದರು. ಹಾಗೆ ಹುಡುಕುವವನಿಗೆ ಒಂದು ದಿನ ಕಲ್ಲು ಸಿಕ್ಕಿಯೇಬಿಟ್ಟಿತು. ಹಿಂದಿನ ವರ್ಷ ನರಗುಂದದ ಪಂದ್ಯದಲ್ಲಿ ಒಂದು ಕಾಲೇಜು ತಂಡದಲ್ಲಿ ದಪ್ಪ ಮೀಸೆಯ 'ವಿದ್ಯಾರ್ಥಿ' ಒಬ್ಬನಿದ್ದ. ಅಂದಾನೆಪ್ಪ ಅವನ ಬೆನ್ನು ಬಿಡದೆ ತಿರುಗಿದ. ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ಬುತ್ತಿ ತಂದಳು. ಚಿಕ್ಕದು ಮೀಸೆಯವನನ್ನು ಕಂಡು "ಅಪ್ಪಾ" ಅಂತ ಓಡಿತು. ಮೀಸೆಯವನು ಗಿರಣಿಯ ಪಗಾರದ ಆಟಗಾರ. ಆ ದಿನದಿಂದ ಅಂದಾನೆಪ್ಪನ ಮಾತಿಗೆ ತೂಕ ಬಂತು, ಅವನ ಕಣ್ಣಿಗೆ ಕಾಮಾಲೆಯೂ ಬಂತು. ಕಂಡ ಕಾಲೇಜು ಹುಡುಗರೆಲ್ಲ ಗಿರಣಿಯವರಾಗಿಯೇ ಕಾಣಹತ್ತಿದರು.

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದಿದ್ದ ಆ ಚಳಿಗಾಲದಲ್ಲಿ, ಸಂಕ್ರಾಂತಿ ಕಳೆದ ಮೇಲೆ, ರೋಣದಲ್ಲಿ ದೊಡ್ಡ ಪಂದ್ಯ ಇಟ್ಟರು. ಪಂದ್ಯದ ಮುಖ್ಯಸ್ಥರು ಜಮೀನುದಾರ ಗುರುಸಂಗಪ್ಪನವರು. ನರಗುಂದದ ಗದ್ದಲದಿಂದ ಬುದ್ಧಿ ಕಲಿತು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: ಪಗಾರಿ ಆಟಗಾರರು ಆಡತಕ್ಕದ್ದಲ್ಲ, ಸಿಕ್ಕಿಬಿದ್ದರೆ ಹೊರಗೆ ಹಾಕಿ ಅವರನ್ನು ಕಳಿಸಿದವರಿಗೆ ಪತ್ರ ಬರೆಯಲಾಗುವುದು. ಅಂದಾನೆಪ್ಪ ಕರಪತ್ರವನ್ನು ಅಂಗಡಿಯಲ್ಲಿ ಅಂಟಿಸಿದ. ತನ್ನ ಹೆಸರನ್ನೇ ಅಚ್ಚು ಹಾಕಿದಷ್ಟು ಖುಷಿಯಾಗಿತ್ತು ಅವನಿಗೆ.

ಶನಿವಾರ ಸಂಜೆಯ ಹೊತ್ತಿಗೆ ಗಜೇಂದ್ರಗಡದ ತರುಣ ಸಂಘ ಕೊನೆಯ ಆಟಕ್ಕೆ ಬಂದು ನಿಂತಿತು. ಮರುದಿನದ ಆ ಆಟಕ್ಕೆ ಎದುರಾಳಿ ಧಾರವಾಡ ಕಡೆಯ ಒಂದು ಕಾಲೇಜು. ಬಿಳಿ ಬನಿಯನ್ ಹಾಕಿ ಆಡುತ್ತಿದ್ದುದರಿಂದ ಎಲ್ಲರೂ ಅವರನ್ನು ಬಿಳಿ ಬನಿಯನ್ನವರು ಎನ್ನುತ್ತಿದ್ದರು. ಅವರಲ್ಲಿ ಅರ್ಜುನ ಎಂಬ ತೆಳ್ಳಗಿನ ಹುಡುಗನೊಬ್ಬನಿದ್ದ. ಹುತುತುತು ಎನ್ನುತ್ತಾ ಹೋದರೆ ದಮ್ಮು ಎಲ್ಲಿಂದ ಎಳೆಯುತ್ತಾನೋ ತಿಳಿಯುತ್ತಿರಲಿಲ್ಲ. ಹಿಡಿಯಲು ಬಂದವರಿಗೆ ಬಲಗಾಲಿನಿಂದ ಹಿಂದಕ್ಕೆ ಒಂದು ಒತ್ತು ಕೊಟ್ಟು ಜಾರಿಬಿಡುತ್ತಿದ್ದ. ಹೊಳೆಮಣ್ಣೂರಿನ ನಾಲ್ವರನ್ನು ಒಂದೇ ದಮ್ಮಿನಲ್ಲಿ ಔಟ್ ಮಾಡಿ ಬಂದಾಗ ರೋಣದ ಮಂದಿ ಟೋಪಿ ಹಾರಿಸಿದರು.

ಅಂದಾನೆಪ್ಪ ಟೋಪಿ ಹಾರಿಸಲಿಲ್ಲ. "ಗೌಸೂ, ಆ ಕಾಲ ನೋಡಿದ್ಯಾ?"

"ಚಲೋ ಕಾಲು."

"ಚಲೋ ಅಲ್ಲ. ಅದು ಮಗ್ಗದ ಕಾಲು. ಕುಣ್ಯಾಗ ಕುಂತು ಮೆಟ್ಟ ಒತ್ತಿ ಒತ್ತಿ ಬಂದ ಕಾಲು. ಪುಸ್ತಕ ಓದೋರಿಗೆ ಇಂಥಾ ಕಾಲ ಬರೂದಿಲ್ಲ."

ಆ ದಿನದ ಆಟ ಮುಗಿದ ಮೇಲೆ ಬಿಳಿ ಬನಿಯನ್ನವರು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋದರು. ಹಿಂದೆಯೇ ಅಂದಾನೆಪ್ಪ. ಒಬ್ಬ ಹುಡುಗನ ಬನಿಯನ್ ಅಂಚು ಬಿಚ್ಚಿಕೊಂಡು ದಾರ ಜೋತಾಡುತ್ತಿತ್ತು. ಅವನು ಅದನ್ನು ಎಳೆದು ಹರಿಯಲು ಹೋದ. ಅರ್ಜುನ ಥಟ್ಟನೆ ಅವನ ಕೈ ಹಿಡಿದ. "ಎಳೀಬ್ಯಾಡೋ, ಪೂರಾ ಬಿಚ್ಚತೈತಿ." ದಾರವನ್ನು ಉಗುರಿನಿಂದ ಅಂಚಿನಲ್ಲೇ ಒತ್ತಿ ಹಿಡಿದ. ಅಂದಾನೆಪ್ಪನ ಎದೆ ಹಿಗ್ಗಿತು. ಎದ್ದು ಅವರ ಬಾಕಿನ ಹತ್ತಿರ ಹೋದ.

"ಯಾವ ಊರಪಾ?"

ಹುಡುಗ ಎದ್ದು ನಿಂತ. ಅಂದಾನೆಪ್ಪನ ಮುಖವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. "ಬೆಟಗೇರಿರಿ. ಸೋದರಮಾವನ ಮನಿ."

"ಏನ ಕಲೀತಿ?"

"ಬಿ.ಎ.ರಿ. ಎರಡನೇ ವರ್ಷ."

"ಅಪ್ಪ ಏನ ಮಾಡತಾನ?"

"ಇಲ್ರಿ. ತೀರ್ಕೊಂಡಾನ."

ಹೇಳುತ್ತಲೇ ಹುಡುಗ ಚಹಾದ ಬಸಿ ಮುಂದೆ ಸರಿಸಿದ. "ಕುಂದರ್ರಿ, ಚಹಾ ತೊಗೊಳ್ರಿ." ಅಂದಾನೆಪ್ಪ ನೋಡಿದ್ದು ಬಸಿಯನ್ನಲ್ಲ, ಅಂಗೈಯನ್ನು. ಬಲಗೈ ತೋರುಬೆರಳಿನ ಬುಡದಲ್ಲಿ ಲಾಳಿಯ ಹಗ್ಗ ಜಗ್ಗಿ ಜಗ್ಗಿ ಕಟ್ಟಿದ ಗಟ್ಟಿ ಗೆರೆ. ಅವನಿಗೆ ಚಹಾ ಬೇಡವಾಯಿತು.

ಹೊರಗೆ ಬಂದು ಗೌಸುಸಾಬನ ಹೆಗಲ ಮೇಲೆ ಕೈ ಹಾಕಿದ. "ಸಿಕ್ಕ. ಮಗ್ಗದಾಂವ ಅಂವ, ಗಿರಣಿಯವರು ಪಗಾರ ಕೊಟ್ಟ ಇಟ್ಕೊಂಡಾರ. ಬಿ.ಎ. ಅಂತ, ಬಿ.ಎ."

"ಬೆಟಗೇರಿ ಅಂದ್ರ ನೇಕಾರರ ಊರಲ್ಲೋ ಮಾರಾಯಾ. ನೇಕಾರರ ಮಗ ಒಬ್ಬಾಂವ ಬಿ.ಎ. ಕಲೀತಿರಬೇಕು."

ಅಂದಾನೆಪ್ಪ ನಡೆಯುವುದನ್ನು ನಿಲ್ಲಿಸಿದ. "ನೇಕಾರನ ಮಗ ಬಿ.ಎ. ಕಲ್ತದ್ದು ನೀ ಎಲ್ಲೆರ ನೋಡೀಯೇನು?"

ಗೌಸುಸಾಬ ತಲೆ ಕೆರೆದುಕೊಂಡ. ಅವನೂ ನೋಡಿರಲಿಲ್ಲ.

ರವಿವಾರ ಬೆಳಿಗ್ಗೆ ಹತ್ತಕ್ಕೆ ರೋಣದ ಸಾಲಿಯ ಪಡಸಾಲೆಯಲ್ಲಿ ಅಂದಾನೆಪ್ಪ ತಕರಾರು ಹಾಕಿದ. ಗುರುಸಂಗಪ್ಪನವರು ಕುರ್ಚಿಯಲ್ಲಿ ಕೂತಿದ್ದರು, ಪಂಚರಿಬ್ಬರು ಬಾಕಿನ ಮೇಲೆ. ಗೌಸುಸಾಬ ಅಂದಾನೆಪ್ಪನ ಹಿಂದೆ, ಬಾಗಿಲ ತುಂಬ ತರುಣ ಸಂಘದ ಹುಡುಗರು ನಿಂತಿದ್ದರು. ಅರ್ಜುನ ಹೊರಗಾದರೆ ಸಂಜೆ ಗೆದ್ದವರಿಗೆ ಕೊಡುವ ಢಾಲು ತಮ್ಮದೇ ಎಂಬುದು ಅವರಿಗೆ ಗೊತ್ತಿತ್ತು. ಕಾಲೇಜಿನ ಆಟದ ಮಾಸ್ತರರು ಪ್ರಿನ್ಸಿಪಾಲರ ಸಹಿ ಇದ್ದ ಕಾಗದ ಮುಂದೆ ಹಿಡಿದರು.

"ಕಾಗದಾ ನರಗುಂದದಾಗ ಆ ಮೀಸಿಯಾಂವಂದೂ ಇತ್ತಲ್ರಿ" ಎಂದ ಅಂದಾನೆಪ್ಪ. "ಸಹಿನೂ ಇತ್ತು, ಶಿಕ್ಕಾನೂ ಇತ್ತು. ಎರಡ ಮಕ್ಕಳೂ ಇದ್ದವು."

ಮಂದಿ ನಕ್ಕರು. ಮಾಸ್ತರರ ಮುಖ ಸಣ್ಣದಾಯಿತು. ಅವರು ಗುರುಸಂಗಪ್ಪನವರ ಹತ್ತಿರ ಬಗ್ಗಿ, ಆದರೆ ಎಲ್ಲರಿಗೂ ಕೇಳುವಂತೆಯೇ, ಅಂದರು: "ಇಂವ ಫ್ರೀ ಬೋರ್ಡಿಂಗ್‌ನಾಗ ಉಂಡು ಕಲಿಯೋ ಹುಡುಗ್ರಿ. ನೀವು ಪತ್ರ ಬರದ್ರ ಬೋರ್ಡಿಂಗ್‌ನವರು ಖರೇ ಸುಳ್ಳ ನೋಡೂದಿಲ್ಲ, ನಾಳಿನ ಹೊರಗ ಹಾಕತಾರ. ಮಾರ್ಚ್‌ಕ್ಕ ಪರೀಕ್ಷಾ ಐತಿ. ಬೇಕಾದ್ರ ಸಂಜಿಗೆ ಆಡ್ಸೂದಿಲ್ಲ, ಪತ್ರ ಮಾತ್ರ ಬರೀಬ್ಯಾಡ್ರಿ."

"ಕೇಳಿದ್ರಿಲ್ಲೋ?" ಎಂದ ಅಂದಾನೆಪ್ಪ. "ಆಡ್ಸೂದಿಲ್ಲಂತ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಳ್ಳಾಕ ಹತ್ಯಾರ."

ಗುರುಸಂಗಪ್ಪನವರು ನ್ಯಾಯವಂತರು, ಆದರೆ ನಿಧಾನದ ಮನುಷ್ಯರು. "ಅಂದಾನೆಪ್ಪನವ್ರ, ನಿಮ್ಮ ಸಂಶೇ ನಾವೆಲ್ಲಾ ಬಲ್ಲಿವಿ. ಪುರಾವಾ ಏನ ಐತಿ?"

ಅಂದಾನೆಪ್ಪ ಇದಕ್ಕೇ ಕಾದಿದ್ದ. ಕೋಟಿನ ಜೇಬಿನಿಂದ ಕೆಂಪು ನೂಲಿನ ಒಂದು ಎಳೆ ತೆಗೆದ; ವ್ಯಾಪಾರದ ನಮೂನೆಗೆಂದು ಅದು ಯಾವಾಗಲೂ ಅವನ ಜೇಬಿನಲ್ಲಿ ಇರುತ್ತಿತ್ತು. ಎಲ್ಲರೆದುರು ಅದನ್ನು ನಡುವೆ ಹರಿದು, ಎರಡು ತುದಿಗಳನ್ನು ಎತ್ತಿ ತೋರಿಸಿದ. "ಇದನ್ನ ಆ ಹುಡುಗನ ಕೈಯಾಗ ಕೊಡ್ರಿ. ಜೋಡಸಂತ ಹೇಳ್ರಿ. ಓದೋ ಹುಡುಗ್ರು ಹ್ಯಾಂಗ ಗಂಟ ಹಾಕತಾರ, ನೇಕಾರ ಹ್ಯಾಂಗ ಹಾಕತಾನ, ನಾ ಕಣ್ಣ ಮುಚ್ಚಿ ಹೇಳತೀನಿ. ನೇಕಾರನ ಬೆರಳು ಸುಳ್ಳ ಹೇಳೂದಿಲ್ರಿ. ನಿದ್ದ್ಯಾಗ ಎಬ್ಬಿಸಿ ಕೊಟ್ಟರೂ ಅದ ಗಂಟ ಹಾಕತಾನ."

"ನೇಕಾರನ ಗಂಟ ಹಾಕಿದ್ರ ಪಗಾರಿ, ಹೌದಲ್ರಿ?" ಎಂದರು ಗುರುಸಂಗಪ್ಪನವರು.

"ಹೌದ್ರಿ. ನೇಕಾರ ಕಾಲೇಜಿಗೆ ಹ್ಯಾಂಗ ಹೋಗತಾನ?"

ಅದಕ್ಕೆ ಪಡಸಾಲೆಯಲ್ಲಿ ಯಾರೂ ಅಡ್ಡ ಮಾತಾಡಲಿಲ್ಲ. ಎಲ್ಲರಿಗೂ ಅದು ಸರಿಯಾಗಿಯೇ ಕೇಳಿಸಿತು. ಅಂದಾನೆಪ್ಪ ಮನಸ್ಸಿನಲ್ಲೇ ಇನ್ನೊಂದು ಬಾಗಿಲನ್ನೂ ಹಾಕಿಟ್ಟಿದ್ದ: ಗಂಟು ಹಾಕಿದರೆ ನೇಕಾರ, ಬರುವುದಿಲ್ಲವೆಂದರೆ ಕಳ್ಳ ನೇಕಾರ. ಹುಡುಗ ಎತ್ತ ತಿರುಗಿದರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಅರ್ಜುನ ನೂಲು ತೆಗೆದುಕೊಂಡ. ಬೆಳಕಿಗೆ ಹಿಡಿದು ಬಣ್ಣ ನೋಡಿದ. ಗೌಸುಸಾಬನ ಕೆಂಪು ಅದು, ತಾಲೂಕಿನಲ್ಲಿ ಬೇರೆ ಯಾರೂ ಹಾಕಲಾರದ ಕೆಂಪು. ಆಮೇಲೆ ಅಂದಾನೆಪ್ಪನನ್ನು ನೋಡಿದ, ಚಹಾದಂಗಡಿಯಲ್ಲಿ ನೋಡಿದ ಹಾಗೆಯೇ.

"ಅರ್ಜುನಾ, ಬ್ಯಾಡೋ" ಎಂದರು ಮಾಸ್ತರರು ಸಣ್ಣ ದನಿಯಲ್ಲಿ.

ಹುಡುಗ ಎರಡೂ ತುದಿಗಳನ್ನು ನಾಲಿಗೆಗೆ ಹಚ್ಚಿದ. ಎಡಗೈ ಹೆಬ್ಬೆರಳಿನ ಮೇಲೆ ಉಲ್ಟಾ ಸುತ್ತಿದ. ಬಾಲವನ್ನು ಮುಂಬಲ್ಲಿನಿಂದ ಕಚ್ಚಿದ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಚಹಾದ ಬಸಿಯನ್ನು ಬಲಗೈಯಿಂದ ಸರಿಸಿದ ಹುಡುಗ, ಅಂಕಣದಲ್ಲಿ ಬಲಗೈಯಿಂದಲೇ ಮುಟ್ಟುತ್ತಿದ್ದ ಹುಡುಗ, ನೂಲನ್ನು ಮಾತ್ರ ಎಡಗೈಯಲ್ಲಿ ಕಟ್ಟಿದ.

ಅಂದಾನೆಪ್ಪನ ಕೈಗೆ ನೂಲು ವಾಪಸು ಬಂತು. ಬೆರಳಾಡಿಸಿದ. ನೋಡುವ ಅಗತ್ಯವೇ ಇರಲಿಲ್ಲ. ಇಪ್ಪತ್ತು ವರ್ಷ ತನ್ನ ಅಂಗಡಿಯಿಂದ ಹೋದ ಒಂದೊಂದು ಸೀರೆಯಲ್ಲೂ ಇದ್ದ ಗಂಟು ಅದು. ಭೂಮಿಯ ಮೇಲೆ ಈ ಗಂಟು ಹಾಕುವವಳು ಒಬ್ಬಳೇ. ಅವಳ ತೊಡೆಯ ಮೇಲೆ ಕೂತು, ಅವಳ ಕೈ ನೋಡುತ್ತಾ ಕಲಿತವನಿಗೆ ಬಿಟ್ಟರೆ ಬೇರೆಯವರಿಗೆ ಇದು ಬರುವುದಿಲ್ಲ.

ತನ್ನ ಮಗ್ಗದ ಪಡಸಾಲೆಯಲ್ಲಿ ರಾಟಿಯ ಪಕ್ಕ ಕೂತಿರುತ್ತಿದ್ದ ಒಬ್ಬ ಹುಡುಗ ನೆನಪಾದ. ಏಳೆಂಟು ವರ್ಷದವನು. ಹೆಸರು ನೆನಪಾಗಲಿಲ್ಲ, ಎಂದೂ ಕೇಳಿರಲೂ ಇಲ್ಲ, "ಏ ಹುಡುಗಾ" ಎಂದೇ ಕರೆಯುತ್ತಿದ್ದ. ನಾಳೆಯಿಂದ ಅಪ್ಪನ ಮಗ್ಗಕ್ಕೆ ಇಳಿಸು ಎಂದು ತಿಪ್ಪವ್ವನಿಗೆ ಹೇಳಿದ್ದು ತಾನೇ. ಮಾರನೆಯ ದಿನ ಹುಡುಗ ಇರಲಿಲ್ಲ. ಹುಬ್ಬಳ್ಳಿಗೆ ಹೋದ್ನರಿ, ಹೋಟೆಲ್‌ನಾಗ ಕಪ್ಪ ತೊಳ್ಯಾಕ, ಎಂದಿದ್ದಳು ಆಕೆ, ರಾಟಿಯಿಂದ ಕಣ್ಣೆತ್ತದೆ. ಹನ್ನೆರಡು ವರ್ಷ ಅದನ್ನೇ ಹೇಳಿದ್ದಳು. ಹೊಳೆಮಣ್ಣೂರಿನವರ ಉಸಿರನ್ನು, ನರಗುಂದದ ಪಂಚರನ್ನು, ಪ್ರಿನ್ಸಿಪಾಲರ ಸಹಿಯನ್ನು, ಊರ ಮಂದಿಯನ್ನೆಲ್ಲ ಸಂಶಯದಿಂದ ನೋಡಿದ ಅಂದಾನೆಪ್ಪ, ತನ್ನ ಅಂಗಡಿಯೊಳಗೆ ಹತ್ತು ಮಾರು ದೂರದಲ್ಲಿ ಕೂತು ದಿನಾ ಸುಳ್ಳು ಹೇಳುತ್ತಿದ್ದವಳನ್ನು ಒಂದು ದಿನವೂ ಸಂಶಯಪಟ್ಟಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಮೊದಲು ಸಿಟ್ಟು ಬಂತು. ಯಾಕೆ ಸುಳ್ಳು ಹೇಳಿದಳು ಎಂದು ಕೇಳಿಕೊಂಡರೆ ಉತ್ತರ ಮಗ್ಗಕ್ಕೆ ಇಳಿಸೆಂದ ತನ್ನ ಮಾತಿನಲ್ಲೇ ಇತ್ತಲ್ಲ.

"ಹೇಳ್ರಿ ಅಂದಾನೆಪ್ಪನವ್ರ" ಎಂದರು ಗುರುಸಂಗಪ್ಪನವರು. "ಇದು ನೇಕಾರ ಹಾಕೋ ಗಂಟ ಏನ್ರಿ? ನಮಗ ಎತ್ತ ಕಟ್ಟೋ ಹಗ್ಗದ ಗಂಟ ಬಿಟ್ರ ಬ್ಯಾರೆ ಗೊತ್ತಿಲ್ಲ. ನೀವು ಹೇಳಿದ್ದ ಖರೇ ಅಂತ ಬರೀತೀನಿ."

ಅವರ ಮುಂದೆ ಕಾಗದ, ದೌತಿ, ಟಾಕು ಎಲ್ಲ ಸಿದ್ಧವಾಗಿದ್ದವು. ಬಾಗಿಲಲ್ಲಿ ತರುಣ ಸಂಘದವರು ಉಸಿರು ಬಿಗಿಹಿಡಿದು ನಿಂತಿದ್ದರು. ಹೌದು ಎಂದರೆ ಮುಗಿಯಿತು. ಢಾಲು ಗಜೇಂದ್ರಗಡಕ್ಕೆ ಬರುತ್ತದೆ, ನರಗುಂದದ ಮೇಲೆ ರೋಣ ಸೇರಿ ತನ್ನ ಹೆಸರು ಇನ್ನಷ್ಟು ದೊಡ್ಡದಾಗುತ್ತದೆ. ಪತ್ರ ಧಾರವಾಡಕ್ಕೆ ಹೋಗುತ್ತದೆ. ಬೋರ್ಡಿಂಗಿನವರು ಹುಡುಗನ ಟ್ರಂಕನ್ನು ಹೊರಗಿಡುತ್ತಾರೆ. ಅವನು ಅದನ್ನು ಹೊತ್ತು ಎಲ್ಲಿಗೆ ಬರಬೇಕು? ಅಂದಾನೆಪ್ಪ ತನ್ನ ಹನ್ನೆರಡು ಮಗ್ಗ ನೆನೆಸಿಕೊಂಡ. ಕಿಟಕಿಯ ಪಕ್ಕದ್ದು ನಿಂಗಪ್ಪನ ಮಗ್ಗ. ಇದು ನಮ್ಮ ತಿಪ್ಪವ್ವನ ಮಗ, ಖರೇನೇ ಓದುತ್ತಿದ್ದಾನೆ ಎಂದರೂ ಆದೀತು. ಆದರೆ ತಾನೇ ಈಗಷ್ಟೇ ಎಲ್ಲರ ಬಾಯಿಂದಲೂ ಒಪ್ಪಿಸಿದ್ದ, ನೇಕಾರ ಕಾಲೇಜಿಗೆ ಹೋಗುವುದಿಲ್ಲವೆಂದು. ಈಗ ಯಾರು ನಂಬುತ್ತಾರೆ? ನಂಬಿದರೂ, ಆ ಹೆಣ್ಣುಮಗಳು ಹನ್ನೆರಡು ವರ್ಷ ಯಾರಿಂದ ಮಗನನ್ನು ಬಚ್ಚಿಟ್ಟಳೆಂದು ಮಂದಿ ಕೇಳುತ್ತಾರೆ. ಅಂದಾನೆಪ್ಪನಿಗೆ ನಾಚಿಕೆಯಾಯಿತು. ಐವತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ.

"ಅಲ್ರಿ" ಎಂದ.

"ಏನು?"

"ನೇಕಾರನ ಗಂಟ ಅಲ್ರಿ ಇದು. ಯಾರೋ ಹೆಣ್ಣಮಗಳು ಮನ್ಯಾಗ ಕಲಿಸಿದ್ದು. ನಮ್ಮ ಮಗ್ಗದಾಗ ಈ ಗಂಟ ನಡಿಯೂದಿಲ್ಲ." ನೂಲನ್ನು ಮಡಿಚಿ ಜೇಬಿಗೆ ಹಾಕಿಕೊಂಡ. "ಹುಡುಗ ಓದಾಂವನ ಇರಬೇಕು. ನನ್ನ ತಕ್ರಾರ ವಾಪಸ ತೊಗೋತೀನಿ."

ಅರ್ಜುನ ತಲೆ ತಗ್ಗಿಸಿ ಒಂದು ನಮಸ್ಕಾರ ಮಾಡಿ ಹೊರಗೆ ಹೋದ. ಆ ಗಂಟು ಬೆರಳು ತಾನಾಗಿ ಹಾಕಿದ್ದೋ, ಇಲ್ಲ ಹುಡುಗ ಗೊತ್ತಿದ್ದೇ ತನ್ನೆದುರು ಹಾಕಿ ತೋರಿಸಿದ್ದೋ? ಅಂದಾನೆಪ್ಪನಿಗೆ ಆ ಸಂಶಯ ಮಾತ್ರ ಕೊನೆಯವರೆಗೂ ಉಳಿಯಿತು.

ಸಂಜೆ ನಾಲ್ಕಕ್ಕೆ ಆಟ. ಕೊನೆಯ ದಮ್ಮಿನವರೆಗೂ ಸಮಸಮ ನಡೆದು, ಕೊನೆಯ ದಮ್ಮು ಅರ್ಜುನನ ಪಾಲಿಗೆ ಬಂತು. ಹುತುತುತು ಎನ್ನುತ್ತಾ ಬಂದ, ಇಬ್ಬರನ್ನು ಮುಟ್ಟಿದ, ಹಿಡಿದವನಿಗೆ ಆ ಬಲಗಾಲಿನ ಒತ್ತು ಕೊಟ್ಟು ಗೆರೆಯ ಮೇಲೆ ಬಿದ್ದ. ಗಜೇಂದ್ರಗಡ ಎರಡು ಅಂಕದಿಂದ ಸೋತಿತು. ಅಂದಾನೆಪ್ಪ ಪಂಚರಿಗೆ ಬೈಯಲಿಲ್ಲ, ದಮ್ಮು ಹರಿಯಿತೆಂದು ಕೂಗಲಿಲ್ಲ. ನಿಂಗಪ್ಪನದೂ ಹಿಂಗೇ ಕಾಲು ಎಂದು ನೆನೆಸಿಕೊಂಡು, ಕೊಡೆ ಎತ್ತಿಕೊಂಡು ಬಸ್ಸಿನ ಕಡೆ ನಡೆದ.

ವಾಪಸು ಬರುವ ಬಸ್ಸಿನಲ್ಲಿ ತರುಣ ಸಂಘದವರು ಹಿಂದೆ ಕೂತಿದ್ದರು. ಯಾರೂ ಹಾಡು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಅಂದ, ಕೇಳಲಿ ಎಂದೇ ಅಂದ: "ಮುಂಜಾನೆ ತಕ್ರಾರ ಹಾಕಿದ, ಗಳಿಗ್ಯಾಗ ವಾಪಸ ತೊಗೊಂಡ. ನಡುವ ಏನಾತು?"

"ಏನಾಗತೈತಿ? ಮಾರ್ಕೊಂಡ."

ಅಂದಾನೆಪ್ಪ ಹಿಂತಿರುಗಿ ನೋಡಲಿಲ್ಲ. ಆ ಮಾತು ಅವನದೇ. ಹುಡುಗರು ಅವನ ಕಟ್ಟೆಯ ಮೇಲೆಯೇ ಕಲಿತದ್ದು. ತಾನು ಅವರ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದ, ಇನ್ನೂ ದೊಡ್ಡ ದನಿಯಲ್ಲಿ.

ಪಕ್ಕದಲ್ಲಿದ್ದ ಗೌಸುಸಾಬ ಕಿಟಕಿಯ ಹೊರಗೆ ಜೋಳದ ಹೊಲ ನೋಡುತ್ತಲೇ ಅಂದ: "ಆ ಗಂಟ ನಾನೂ ನೋಡೀನಿ. ನನ್ನ ಬಣ್ಣದ ನೂಲದು."

"ನೋಡಿದ್ರ ಸುಮ್ಕಿರು."

"ಸುಮ್ಕ ಇದ್ದೀನಲ್ಲ" ಎಂದ ಗೌಸುಸಾಬ.

ಸೋಮವಾರ ಬೆಳಿಗ್ಗೆ ಅಂದಾನೆಪ್ಪ ಕಟ್ಟೆಯ ಮೇಲೆ ಕೂರದೆ ನೇರವಾಗಿ ಹಿಂದಿನ ಪಡಸಾಲೆಗೆ ಹೋದ. ಹೆಂಗಸರು ರಾಟಿಯ ಮುಂದೆ ಕೂತಿದ್ದರು. ಸಾವ್ಕಾರ ಒಳಗೆ ಬಂದದ್ದು ಕಂಡು ಸೆರಗು ಸರಿಮಾಡಿಕೊಂಡರು. ಅವನು ಜೇಬಿನಿಂದ ಕೆಂಪು ನೂಲು ತೆಗೆದು ತಿಪ್ಪವ್ವನ ಮುಂದೆ ಹಿಡಿದ. ಆಕೆ ಏನೋ ಕೆಲಸವೆಂದು ತೆಗೆದುಕೊಂಡು ಬೆರಳಾಡಿಸಿದಳು. ಬೆರಳು ಗಂಟಿಗೆ ಬಂದು ನಿಂತಿತು. ರಾಟಿ ನಿಂತಿತು.

ಆಕೆ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಗಂಟನ್ನು ಎರಡೂ ಕಡೆಯಿಂದ ಜಗ್ಗಿ ನೋಡಿದಳು. "ಸಡ್ಲಿಲ್ಲೇನ್ರಿ?"

"ಸಡ್ಲಿಲ್ಲ."

"ಆಟ?"

"ಗೆದ್ದ. ನಮ್ಮನ್ನ ಸೋಲಿಸಿದ." ಅಂದಾನೆಪ್ಪ ಅಲ್ಲೇ ನೂಲಿನ ಮೂಟೆಯ ಮೇಲೆ ಕೂತ. "ಹನ್ನೆರಡ ವರ್ಷ ತಿಪ್ಪವ್ವಾ. ಒಂದ ದಿನಾನೂ ಹೇಳಬೇಕ ಅನ್ನಿಸಲಿಲ್ಲೇನು ನಿನಗ?"

"ನೀವು ಕಟ್ಟಿಮ್ಯಾಲ ಮಾತಾಡೂದೆಲ್ಲಾ ಇಲ್ಲಿ ಕೇಳತೈತ್ರಿ ಸಾವ್ಕಾರ್ರ" ಎಂದಳು ತಿಪ್ಪವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ ಹೇಳಿದಳು. "ಕಾಲೇಜ ಸೂಟಿ ಇದ್ದಾಗ ಬೆಟಗೇರ್ಯಾಗ ಮಾವನ ಮಗ್ಗ ನೇಯ್ತಾನ್ರಿ. ಅವನ ಕೈ ಕೆಟ್ಟಿಲ್ಲ."

ಅಂದಾನೆಪ್ಪ ಏಳಬೇಕೆಂದು ಕೈ ಊರಿದವನು ಹಾಗೆಯೇ ಕೂತ. ಪಡಸಾಲೆಯಲ್ಲಿ ಒಂದು ರಾಟಿಯೂ ತಿರುಗುತ್ತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಕಂಡಿಕೆಯನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಪಳಗಿದ ಸಂಶಯ ಅದು, ಈ ಸಲ ಬೇರೆ ದಾರಿ ಹಿಡಿಯಿತು.

"ಮುದುಕವ್ವಾ, ನಿನ್ನ ಮೊಮ್ಮಗ ಎಲ್ಲಿದಾನ?"

"ಹುಬ್ಬಳ್ಳ್ಯಾಗ್ರಿ. ಹೋಟೆಲ್‌ನಾಗ."

"ಕರೆವ್ವಾ, ನಿನ್ನ ಮಗಾ?"

"ಅಲ್ಲೇರಿ. ಅದ ಹೋಟೆಲು."

ಹುಬ್ಬಳ್ಳಿಯ ಮಂದಿ ಎಷ್ಟು ಚಹಾ ಕುಡಿಯುತ್ತಾರೆ, ಅಷ್ಟು ಕಪ್ಪುಗಳನ್ನು ತೊಳೆಯಲು ಗಜೇಂದ್ರಗಡದ ಎಷ್ಟು ಹುಡುಗರು ಬೇಕು ಎಂದು ಅಂದಾನೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಲೆಕ್ಕ ಕೂಡಲಿಲ್ಲ. ಅವನು ಕರೆವ್ವನ ಕಡೆ ಸ್ವಲ್ಪ ಬಗ್ಗಿ, ಪೇಟೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದ.

"ಅಂವನೂ ಆಡತಾನೇನು, ಹುತುತು?"

ಕರೆವ್ವ ತಿಪ್ಪವ್ವನ ಮುಖ ನೋಡಿದಳು. ತಿಪ್ಪವ್ವ ಕೆಂಪು ನೂಲನ್ನು ತನ್ನ ರಾಟಿಗೆ ಹಚ್ಚುತ್ತಾ, ಹೇಳು ಎಂಬಂತೆ ತಲೆಯಾಡಿಸಿದಳು. ಕರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂದಳು:

"ಹುತುತು ಅಲ್ರಿ. ಸಾಲ್ಯಾಗ ವಾಲಿಬಾಲ್ ಅಂತ್ರಿ."